ಉಂಡ ತಾಟಿನ ಇಂಟರ್‌ವ್ಯೂ

ಕಳೆದ ಭಾನುವಾರ ನನ್ನ ಮನೆಯಲ್ಲೇ ನನ್ನ ಇಂಟರ್‌ವ್ಯೂ ಆಯಿತು. ಮಾಡಿದವರು ಪಾಳಾ ಊರಿನ ರೈತ ಶಿವಪ್ಪಣ್ಣ.

ಅವರ ಮಗಳು ನೀಲಮ್ಮನಿಗೆ ದಿಲ್ಲಿಯಲ್ಲಿ ಎಂ.ಎ. ಸೀಟು ಸಿಕ್ಕಿದೆಯೆಂದು ತಂತಿ ಬಂದಿತ್ತು. ನಾನು ಓದಿದ ಅದೇ ದೊಡ್ಡ ವಿಶ್ವವಿದ್ಯಾಲಯ. (ದೊಡ್ಡದು ಎನ್ನಲು ನನಗೇನೂ ಸಂಕೋಚವಿಲ್ಲ. ಚಿಗಳ್ಳಿಯ ನಮ್ಮ ಮನೆತನದಲ್ಲಿ ನನಗಿಂತ ಮೊದಲಿನವರೆಲ್ಲ ಹೆಬ್ಬೆಟ್ಟು.) ಕಳಿಸಬೇಕೋ ಬೇಡವೋ ಎಂದು ಕೇಳಲು ಅಪ್ಪ, ಮಗಳು ಹಳಿಯಾಳದ ನನ್ನ ಮನೆಗೆ ಬಂದಿದ್ದರು. ಊಟಕ್ಕೆ ಕೂತೆವು.

"ಕಲಿಯೂದು ಬ್ಯಾಡ ಅನ್ನಂಗಿಲ್ರಿ ಸರ. ಆದ್ರ ಅಲ್ಲಿ ಹೋದ ಮ್ಯಾಲ ನಮ್ಮ ಪದ್ಧತಿ ಉಳೀತೈತೇನ್ರಿ?" ಎಂದರು ಶಿವಪ್ಪಣ್ಣ.

"ಯಾಕ ಉಳಿಯೂದಿಲ್ರಿ? ನನ್ನ ನೋಡ್ರಿ," ಎಂದೆ.

ನೋಡಿಯೇಬಿಟ್ಟರು. ನನ್ನನ್ನಲ್ಲ, ನನ್ನ ತಾಟನ್ನು.

ಆಗ ಹೊಳೆಯಿತು. ನಮ್ಮವರಿಗೆ ಅನ್ನವೆಂದರೆ ಪ್ರಸಾದ. ಉಂಡ ತಾಟಿಗೆ ನೀರು ಹಾಕಿ, ಬೆರಳಿಂದ ತೊಳೆದು, ಆ ನೀರನ್ನೂ ಕುಡಿದೇ ಏಳಬೇಕು. ಶಿವಪ್ಪಣ್ಣನ ತಾಟು ಆಗಲೇ ಕನ್ನಡಿಯಾಗಿತ್ತು.

ದಿಲ್ಲಿಯ ಹಾಸ್ಟೆಲ್ಲಿನಲ್ಲಿ ಮೊದಲ ದಿನ ನಾನೂ ಕುಡಿದಿದ್ದೆ. ಎದುರಿಗಿದ್ದ ಕಾನ್ವೆಂಟ್ ಹುಡುಗ ಪಾತ್ರೆ ತೊಳೆಯುವವನನ್ನು ಕರೆದು, ನಿನ್ನ ನೌಕರಿ ಹೋಯಿತಪ್ಪಾ ಅಂದ. ಇಡೀ ಮೆಸ್ ನಕ್ಕಿತು. ಮರುದಿನವೇ ಆ ಪದ್ಧತಿ ಬಿಟ್ಟೆ. ಅರ್ಥಶಾಸ್ತ್ರ ಕಲಿಯಲು ಎರಡು ವರ್ಷ ಹಿಡಿಯಿತು. ನಾಚಿಕೆ ಕಲಿಯಲು ಒಂದೇ ಊಟ ಸಾಕಾಯಿತು.

ಈಗ ನೀಲಮ್ಮ ಉಸಿರು ಬಿಗಿಹಿಡಿದು ಕೂತಿದ್ದಳು. ಅವಳ ದಿಲ್ಲಿ ನನ್ನ ತಾಟಿನಲ್ಲಿತ್ತು. ನಾನೇನು ಮಾಡಬೇಕಿತ್ತು, ಹೇಳಿ? ಸತ್ಯ ಒಪ್ಪಿಕೊಳ್ಳಬೇಕಿತ್ತೇ?

ನೀರು ಹಾಕಿದೆ. ತೊಳೆದೆ. (ಎಣ್ಣೆಗಾಯಿಗೆ ಖಾರ ತುಸು ಜಾಸ್ತಿಯೇ ಬಿದ್ದಿತ್ತು.) ಕಣ್ಣು ಮುಚ್ಚಿ ಗಟಗಟ ಕುಡಿದೆ.

ಬಡಿಸುತ್ತಿದ್ದ ಹೆಂಡತಿ ಸೌಟು ಹಿಡಿದು ನಿಂತುಬಿಟ್ಟಳು. ಮದುವೆಯಾದಂದಿನಿಂದ ಆಕೆ ಇಂಥದ್ದು ಕಂಡಿರಲಿಲ್ಲ.

"ಆರಾಮ ಅದೀರಿಲ್ರಿ?" ಎಂದಳು.

ಶಿವಪ್ಪಣ್ಣನಿಗೆ ಅದು ಕೇಳಿಸಲೇ ಇಲ್ಲ. ಮುಖ ಅರಳಿತ್ತು. "ದಿಲ್ಲಿ ನಿಮ್ಮನ್ನೇನೂ ಕೆಡಿಸಿಲ್ಲ ಬಿಡ್ರಿ. ಹೋಗ್ಲಿ ನಮ್ಮ ಹುಡುಗಿ."

ಪದ್ಧತಿಯನ್ನು ನಾನು ಉಳಿಸಿದೆನೋ, ನಟಿಸಿದೆನೋ? ಯೋಚಿಸುತ್ತಲೇ ಅವರನ್ನು ಬೀಳ್ಕೊಡಲು ಬಾಗಿಲಿಗೆ ಬಂದೆ. ಅಪ್ಪ ಚಪ್ಪಲಿ ಮೆಟ್ಟುತ್ತಿದ್ದಾಗ ನೀಲಮ್ಮ ನನ್ನ ಕಾಲು ಮುಟ್ಟಲು ಬಗ್ಗಿದವಳು ಮೆಲ್ಲಗೆ ಹೇಳಿದಳು:

"ಸರ, ನಿಮ್ಮ ತಾಟಿನ ಅಂಚಿಗೆ ನಾಕ ಅಗಳ ಹಂಗ ಉಳದಿದ್ವು. ಅಪ್ಪ ನೋಡೂದ್ರಾಗ ನಾನ ಅದರ ಮ್ಯಾಲ ಬಟ್ಟಲಾ ಇಟ್ಟೆ."

ಇವಳಿಗೆ ನನ್ನ ವಿಶ್ವವಿದ್ಯಾಲಯ ಇನ್ನೇನು ಕಲಿಸೀತು?