ಐಸ್ ಬೀಳುವ ಊರಿಗೆ ಬೆಳ್ಳಕ್ಕ

ತೆಕ್ಕಟ್ಟೆಯ ಮೀನು ಮಾರ್ಕೆಟ್ಟಿಗೆ ತಾಗಿಕೊಂಡೇ ನನ್ನ ಟಿಕೆಟ್ ಬುಕ್ಕಿಂಗ್ ಅಂಗಡಿ. ಎಷ್ಟೋ ಜನರನ್ನು ಕಾಶಿಗೆ, ಮುಂಬೈಗೆ, ದುಬೈಗೆ ಕಳಿಸಿದ್ದೇನೆ. ನಾನು ಮಾತ್ರ ಆಗುಂಬೆಯ ಆಚೆ ಹೋದವನಲ್ಲ. ಅಲ್ಲೂ ಮಫ್ಲರ್ ಕಟ್ಟಿಕೊಂಡು ನಡುಗಿ, ಸೂರ್ಯ ಮುಳುಗುವ ಮೊದಲೇ ಘಾಟಿ ಇಳಿದವನು. ಇಂಥ ಅನುಭವಿಯ ಮುಂದೆ ಕಳೆದ ಏಪ್ರಿಲ್‌ನಲ್ಲಿ ಬೆಳ್ಳಕ್ಕ ಬಂದು ನಿಂತರು.

"ಹ್ವಾಯ್ ಐತಾಳ್ರೇ, ಆಕಾಶದಿಂದ ಐಸ್ ಬೀಳು ಊರಿಗೆ ಎರ್ಡ್ ಟಿಕೆಟ್ ಮಾಡಿ ಕಾಂಬ. ನಂಗೊಂದ್, ಮಗ್ಳಿಗೊಂದ್."

ಬೆಳ್ಳಕ್ಕ ಮೂವತ್ತೆರಡು ವರ್ಷಗಳಿಂದ ಮಾರ್ಕೆಟ್ಟಿನ ಸಾಲಿನಲ್ಲಿ ಮೂರನೆಯ ಜಾಗದವರು. ಬೆಳಿಗ್ಗೆ ಬಂದವರೇ ಗೋಣಿಯಲ್ಲಿ ಸುತ್ತಿದ ಐಸ್ ಗಡ್ಡೆಯನ್ನು ಕುಟ್ಟಿ ಪುಡಿ ಮಾಡುವುದು ಅವರ ಮೊದಲ ಕೆಲಸ. ಕುಂದಾಪುರದಲ್ಲಿ ನರ್ಸ್ ಆಗಿರುವ ಮಗಳು ಶ್ರೀಲತಾ, ಹಿಮಾಚಲದ ಒಂದು ಸ್ಕೀಯಿಂಗ್ ರೆಸಾರ್ಟಿನ ವಿಡಿಯೋ ತೋರಿಸಿದ್ದಳಂತೆ.

"ಕುಟ್ಟುದೇ ಬ್ಯಾಡ, ಪುಡಿಯಾಯೇ ಬೀಳತ್ತ್ ಮಾರಾಯ್ರೇ! ಒಂದ್ ಸಲ ಕಾಣ್ಕ್. ಆದ್ರೆ ಗಲಾಟಿ ಇಪ್ಪು ಜಾಗ ಬ್ಯಾಡ. ದಿನಾ ಕೂಗಿ ಕೂಗಿ ಸಾಕಾಯ್ತ್."

"ಕಾಲಿಗೆ ಹಲಗೆ ಕಟ್ಟಿಕೊಂಡು ಜಾರಬೇಕಾಗುತ್ತದೆ, ಅಕ್ಕಾ."

"ಜಾರುದ್ ನಂಗೆ ಹೊಸ್ತಾ? ಈ ಮಾರ್ಕೆಟಿನ ನೀರಂಗೆ ಹಲಗಿ ಇಲ್ದೇ ಜಾರಿದವ್ಳ್ ನಾ."

ಪಕ್ಕದ ಜಾಗದ ಜಲಜ ಅಲ್ಲಿಂದಲೇ ಕೂಗಿದರು: "ಈ ಬೆಳ್ಳಿ ಹೋರೆ ಅಲ್ಲಿ ನಿಶ್ಶಬ್ದ ಎಲ್ಲಿ ಉಳಿತ್ತ್? ಆಗ ನಿಶ್ಶಬ್ದ ಇಪ್ಪುದ್ ಇಲ್ಲೇ!"

ಇವರಿಬ್ಬರ ಯುದ್ಧಕ್ಕೆ ಇಪ್ಪತ್ತು ವರ್ಷ. ಬೆಳ್ಳಕ್ಕ ಹೇಳಿದ ರೇಟ್ ಇಳಿಸುವವರಲ್ಲ. ಅವರು ರೇಟ್ ಹೇಳಿದ ಮರುಕ್ಷಣವೇ ಜಲಜ, "ಇಲ್ ಬನ್ನಿ, ನಾ ಒಂದ್ ಹೆಚ್ಚ್ ಕೊಡ್ತೆ" ಎಂದು ಗಿರಾಕಿಯನ್ನು ಎಳೆಯುವವರು.

ಯಾವಾಗ ಹೋಗುವುದು ಎಂಬ ಪ್ರಶ್ನೆಯೇ ನಮಗೆ ಹುಟ್ಟಲಿಲ್ಲ. ನಮ್ಮಲ್ಲಿ ಮೀನಿನವರ ರಜೆ ಅಂದರೆ ಜೂನ್, ಜುಲೈ. ಬೋಟುಗಳೆಲ್ಲ ದಡ ಸೇರುವ ಆ ಎರಡು ತಿಂಗಳಲ್ಲೇ ಕಾಶಿ, ಕಣ್ಣಿನ ಆಪರೇಷನ್, ಹಲ್ಲು ಕೀಳಿಸುವುದು ಎಲ್ಲ. ನಾನು ರೆಸಾರ್ಟಿಗೆ ಫೋನು ಮಾಡಿ, ನನ್ನ ಮುರುಕು ಹಿಂದಿಯಲ್ಲಿ, ಜೂನ್‌ನಲ್ಲಿ ಗಲಾಟೆ ಇಲ್ಲವಷ್ಟೆ ಎಂದು ಕೇಳಿದೆ. "ಇಡೀ ರೆಸಾರ್ಟಿನಲ್ಲಿ ನೀವು ಮಾತ್ರ ಇರುತ್ತೀರಿ" ಎಂದ ಆಸಾಮಿ. ಸಾಲದ್ದಕ್ಕೆ ಅರ್ಧ ರೇಟು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಬೆಳ್ಳಕ್ಕ ಕುಂದಾಪುರಕ್ಕೆ ಹೋಗಿ ಕೆಂಪು ಸ್ವೆಟರ್ ತಂದರು. ಮೇ ತಿಂಗಳ ಸೆಕೆಯಲ್ಲಿ ಅದನ್ನು ಹಾಕಿ ಸಾಲಿನವರಿಗೆಲ್ಲ ತೋರಿಸಿ, ಬೆವರು ಒರೆಸಿಕೊಂಡರು.

ಹೊರಡಲು ಒಂದು ವಾರ ಇರುವಾಗ, ಎಂಥ ಬೂಟು ಬೇಕೆಂದು ಕೇಳಲು ಶ್ರೀಲತಾ ರೆಸಾರ್ಟಿಗೆ ಫೋನು ಮಾಡಿದಳು. ಆಸಾಮಿ ನಕ್ಕನಂತೆ. ಹಿಮ ಬೀಳುವುದು ಜನವರಿ, ಫೆಬ್ರವರಿಯಲ್ಲಿ. ಜೂನ್‌ನಲ್ಲಿ ಬರೀ ಹುಲ್ಲು, ಅದನ್ನು ಮೇಯುವ ಕುರಿ.

ನಾನು ತಲೆ ತಗ್ಗಿಸಿ ಬೆಳ್ಳಕ್ಕನ ಮುಂದೆ ನಿಂತೆ.

"ಕುರಿ ಕಾಂಬುಕೆ ಅಷ್ಟ್ ದೂರ ಎಂತಕ್ಕೆ, ಐತಾಳ್ರೇ? ನಿಮ್ಮನ್ನ ಕಂಡ್ರೆ ಸಾಕಲ್ದಾ?"

ಅದಕ್ಕಿಂತ ಹೆಚ್ಚು ಬೈಯಲಿಲ್ಲ.

ಫೆಬ್ರವರಿಗೆ ಮಾಡಿಸುತ್ತೇನೆ ಎಂದೆ. ಅವರು ಆಗದೆಂದು ತಲೆಯಾಡಿಸಿದರು. ನಮ್ಮ ಮಾರ್ಕೆಟ್ಟಿಗೆ ಅದರದ್ದೇ ಒಂದು ಕಟ್ಟಳೆ ಇದೆ. ಯಾರಾದರೂ ಬರದಿದ್ದರೆ ಅವರ ಬುಟ್ಟಿಯನ್ನು ಜಾಗದಲ್ಲಿ ಕವುಚಿ ಇಡುತ್ತಾರೆ. ಕವುಚಿದ ಬುಟ್ಟಿಗೆ ಮೂರು ದಿನ ಮರ್ಯಾದೆ. ನಾಲ್ಕನೆಯ ದಿನ ಆ ಜಾಗ ಕಾಯುತ್ತಿರುವ ಇನ್ನೊಬ್ಬರದು. ಮಳೆಗಾಲದಲ್ಲಿ ಈ ಲೆಕ್ಕವಿಲ್ಲ. ಫೆಬ್ರವರಿ ಮಾತ್ರ ಭರ್ತಿ ಸೀಸನ್, ಹೋಗಿ ಬರಲು ಹತ್ತು ದಿನ. ಗಂಡ ತೀರಿಹೋದ ಮೇಲೆ ಮಗಳನ್ನು ಓದಿಸಿದ್ದು ಆ ಮೂರನೆಯ ಜಾಗ.

"ಐಸ್ ಇಲ್ಲೂ ಇತ್ತಲೆ, ಬಿಡಿ" ಎಂದರು.

ಜನವರಿಯ ಒಂದು ಬೆಳಿಗ್ಗೆ ನೋಡಿದರೆ, ಬೆಳ್ಳಕ್ಕನ ಐಸ್ ಗಡ್ಡೆಗೆ ಗೋಣಿಯ ಬದಲು ಆ ಕೆಂಪು ಸ್ವೆಟರ್ ಸುತ್ತಿತ್ತು. ಎದ್ದು ಬಂದವರು ಜಲಜ. ಸ್ವೆಟರನ್ನು ಎಳೆದು, ಹಿಂಡಿ, ಕಂಬಕ್ಕೆ ಒಣಹಾಕಿದರು.

"ಎಂತ ಮಾರಾಯ್ತಿ ಇದ್?"

"ಕರಗುದಿಲ್ಲೆ, ಒಳ್ಳೆದಾತ್ತ್" ಎಂದರು ಬೆಳ್ಳಕ್ಕ, ಮುಖ ಎತ್ತದೆ.

"ಮೂರ್ ದಿನದ ಲೆಕ್ಕ ಕವುಚಿದ ಬುಟ್ಟಿಗಲ್ದಾ? ಮೀನ್ ಇಪ್ಪು ಬುಟ್ಟಿಗೆ ಎಂತ ಲೆಕ್ಕ? ದಿನಾ ನಾಲ್ಕ್ ಬಂಗ್ಡಿ ಮೀನ್ ನಾ ಹಾಕ್ತೆ. ನೀ ಹೋಯ್ ಬಾ."

"ನಿನ್ ಬಂಗ್ಡಿ ನನ್ ಬುಟ್ಟಿಗಾ? ಮರ್ಯಾದಿ ಹೋತ್ತ್!"

"ಹೋರೆ ಹೋಯ್ಲಿ. ನೀ ಮೊದ್ಲ್ ಹೋಗ್."

ಸಾಲಿನವರು ಯಾರೂ ಎದುರಾಡಲಿಲ್ಲ. ಈ ಸಲ ನಾನು ರೆಸಾರ್ಟಿನವನ ಹತ್ತಿರ, ಹಿಮ ಬಿದ್ದಿದೆಯೇ ಎಂದು ಮೂರು ಸಲ ಕೇಳಿ, ಫೋಟೋ ತರಿಸಿಕೊಂಡು, ಅದರಲ್ಲಿ ಕುರಿ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಟಿಕೆಟ್ ಮಾಡಿಸಿದೆ.

ಹೊರಟ ದಿನ ಬೆಳ್ಳಕ್ಕ ಸ್ವೆಟರನ್ನು ನನ್ನ ಮೂಗಿಗೆ ಹಿಡಿದರು. ಮೂರು ಸಲ ಒಗೆದರೂ ಬಂಗುಡೆಯ ವಾಸನೆ ಹೋಗಿರಲಿಲ್ಲ. "ಇರ್ಲಿ, ಅಲ್ಲಿಯವ್ರಿಗೂ ಗೊತ್ತಾಯ್ಲಿ" ಎಂದು ಆಟೋ ಹತ್ತಿದರು. ಹತ್ತಿದ ಮೇಲೂ ತಲೆ ಹೊರಹಾಕಿ, "ಐಸ್ ಸಮಾ ಹಾಕ್, ಜಲಜಾ!" ಎಂದು ಕೂಗಿದರು.

ಮರುದಿನ ಬೆಳಿಗ್ಗೆ ಮೂರನೆಯ ಜಾಗದ ಬುಟ್ಟಿಯಲ್ಲಿ, ಐಸಿನ ಮೇಲೆ, ನಾಲ್ಕು ಬಂಗುಡೆ ಮಲಗಿದ್ದವು. ಇದ್ದುದರಲ್ಲೇ ದೊಡ್ಡವು. ಗಿರಾಕಿಯೊಬ್ಬರು ಬಗ್ಗಿ ಮುಟ್ಟಿ ನೋಡಿ, "ಒಂದು ಹೆಚ್ಚಿಗೆ ಹಾಕುವುದಿಲ್ಲವಾ?" ಎಂದರು.

"ಅದ್ ಬೆಳ್ಳಿ ಬುಟ್ಟಿ," ಎಂದರು ಜಲಜ. "ಅಲ್ಲಿ ಹೇಳಿದ್ದೇ ರೇಟ್."