ನಮ್ಮದೇ ಮರದ ಹಣ್ಣು

ಮೊದಲು ಬಂದದ್ದು ಬಿಕ್ಕಳಿಕೆ.

ನಮ್ಮವರು ಕಾಫಿ ಒಣಗಿಸುವ ಕಣದ ಕಟ್ಟೆಯ ಮೇಲೆ ಕೂತು ಫೋನ್ ನೋಡುತ್ತಿದ್ದರು. ಒಂದು ಬಿಕ್ಕಳಿಕೆ ಬಂತು, ಅದರ ಹಿಂದೆಯೇ ಇನ್ನೊಂದು. "ಯಾರೋ ನೆನೆಸ್ಕೋತಾವ್ರೆ" ಎಂದು ನಕ್ಕರು. ನೀರು ಕುಡಿದರು. ಉಸಿರು ಹಿಡಿದರು. ಸಕ್ಕರೆ ಬಾಯಿಗೆ ಹಾಕಿಕೊಂಡರು. ಸಂಜೆಯಾದರೂ ನಿಲ್ಲಲಿಲ್ಲ. ಮರುದಿನ ವಾಂತಿ ಶುರುವಾಯಿತು, ಪಕ್ಕೆಯ ಹಿಂದೆ ನೋವು ಬಂತು. ಆಮೇಲೆ ನಾಚಿಕೊಂಡು, ಗೋಡೆ ನೋಡುತ್ತಾ ಹೇಳಿದರು: "ಒಂದಕ್ಕೆ ಸರಿಯಾಗಿ ಹೋಗ್ತಾ ಇಲ್ಲ ಕಣೆ."

ಅದಕ್ಕೂ ಮುಂಚಿನ ಮೂರು ವಾರ ಅವರು ಡಿಟಾಕ್ಸ್ ಮಾಡುತ್ತಿದ್ದರು.

ಆ ಪದ ನಮ್ಮ ಮನೆಗೆ ಬಂದದ್ದು ಬೆಳಗೋಡು ಕಡೆಯ ಬೆಳೆಗಾರರ ವಾಟ್ಸಾಪ್ ಗ್ರೂಪಿನಿಂದ. ಕಾಫಿ ದರ, ಕಾಡಾನೆ ಯಾರ ತೋಟದಲ್ಲಿದೆ ಎಂಬ ಸುದ್ದಿ, ಇವುಗಳ ನಡುವೆ ಒಂದು ವಿಡಿಯೋ. ಮಧ್ಯಾಹ್ನದವರೆಗೆ ಅನ್ನ, ರೊಟ್ಟಿ ಮುಟ್ಟಬಾರದು. ಖಾಲಿ ಹೊಟ್ಟೆಗೆ ಪಾಲಕ್ ರಸಕ್ಕೆ ಅರ್ಧ ನಿಂಬೆಹಣ್ಣು ಹಿಂಡಿಕೊಂಡು ಕುಡಿಯಬೇಕು. ಲಿವರ್, ಕಿಡ್ನಿ ಎಲ್ಲ ತೊಳೆದು ಹೊಸದಾಗುತ್ತವಂತೆ. ತೊಳೆಯಲು ಅವೇನು ಕಾಫಿ ಸ್ಟೋರಿನ ಗೋಣಿಚೀಲಗಳೇ ಎಂದು ಕೇಳಿದ್ದೆ.

ವಿಡಿಯೋದಲ್ಲಿದ್ದದ್ದು ಅರ್ಧ ನಿಂಬೆ. ನಮ್ಮ ಕಣದ ಹಿಂದೆ ಇರುವುದು ಕಮರಾಕ್ಷಿ ಮರ. ಹೋಳು ಮಾಡಿದರೆ ನಕ್ಷತ್ರದಂತೆ ಕಾಣುವ, ಹಲ್ಲು ಚಳಿತುಹೋಗುವಷ್ಟು ಹುಳಿಯಾದ ಹಣ್ಣು. "ಪೇಟೆ ನಿಂಬೆಹಣ್ಣಿಗೆ ಏನೇನು ಮದ್ದು ಹೊಡ್ದಿರ್ತಾರೋ. ಇದು ನಮ್ದೇ ಮರದ್ದು, ಒಂದು ಹನಿ ಮದ್ದು ಕಂಡಿಲ್ಲ" ಎಂದರು. ಹೀಗೆ ಅರ್ಧ ನಿಂಬೆಯ ಜಾಗಕ್ಕೆ ಒಂದು ಜಗ್ ಕಮರಾಕ್ಷಿ ರಸ ಬಂತು. ಅದರ ಫೋಟೋ ಗ್ರೂಪಿಗೆ ಹೋಯಿತು. ಹೆಬ್ಬೆಟ್ಟುಗಳು ಸಾಲಾಗಿ ಬಂದವು.

"ರೀ, ತೋಟ ಸುತ್ತೋರು ನೀವು. ಒಂದು ರೊಟ್ಟಿನಾದ್ರೂ ತಿನ್ನಿ."

"ಹೊಟ್ಟೆ ಕರಗ್ತಾ ಐತೆ. ನೀನೇ ಕಣ್ಣು ಹಾಕ್ಬೇಡ."

ಸಕಲೇಶಪುರದ ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿದರು. ರಿಪೋರ್ಟ್ ನೋಡಿ, ಚೀಟಿ ಬರೆಯುವ ಮೊದಲೇ, ಗಾಡಿ ಇದೆಯಾ ಎಂದು ಕೇಳಿದರು. ಹಾಸನಕ್ಕೆ ಈಗಲೇ ಹೊರಡಿ ಎಂದರು.

ಕಿಡ್ನಿಗಳು ಕೆಲಸ ನಿಲ್ಲಿಸಿದ್ದವು.

ಹಾಸನದ ಡಾಕ್ಟರ್ ಸಣ್ಣ ವಯಸ್ಸಿನ ಹೆಂಗಸು. ಸಕ್ಕರೆ ಕಾಯಿಲೆ ಇದೆಯಾ, ನೋವಿನ ಮಾತ್ರೆ ನುಂಗುತ್ತೀರಾ, ನಾಟಿ ಔಷಧಿ ಏನಾದರೂ ಎಂದು ಒಂದೊಂದಾಗಿ ಕೇಳಿದರು. ಬಿಕ್ಕಳಿಕೆಯ ನಡುವೆಯೇ ಇವರು ಹೆಮ್ಮೆಯಿಂದ, "ಏನೂ ಇಲ್ಲ ಡಾಕ್ಟ್ರೇ. ಮಾತ್ರೆ ಅಂದ್ರೇನೇ ಆಗಲ್ಲ ನಂಗೆ" ಎಂದರು. ಮನೆಯ ಹಣ್ಣನ್ನು ಔಷಧಿಯ ಲೆಕ್ಕಕ್ಕೆ ಯಾರು ಸೇರಿಸುತ್ತಾರೆ? ಕುತ್ತಿಗೆಗೆ ನಳಿಗೆ ಹಾಕಿ ಡಯಾಲಿಸಿಸ್ ಶುರು ಮಾಡಿದರು. ಕಾರಣ ಮಾತ್ರ ಗೊತ್ತಾಗಲಿಲ್ಲ.

ಕಾರಣ ಬಂದದ್ದು ಫ್ಲಾಸ್ಕಿನಲ್ಲಿ.

ತಂದವರು ಸರೋಜಕ್ಕ, ನನ್ನ ವಾರಗಿತ್ತಿ. ಮೈದುನನ ತಲೆ ಸವರಿ, ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ನನ್ನನ್ನೇ ಗದರಿದರು: "ಆಸ್ಪತ್ರೆಗೆ ಸೇರ್ಸಿ ಇದನ್ನ ನಿಲ್ಲಿಸ್ಬುಟ್ಟಿದ್ದೀಯಲ್ಲೇ! ಒಳಗಿನ ಕಸ ಅರ್ಧ ಕಿತ್ಕೊಂಡು ಅಲ್ಲೇ ನಿಂತ್ಬುಟ್ಟೈತೆ. ಕುಡಿಯೋ ಚಂದ್ರು, ಮರದಿಂದ ಈಗ್ತಾನೆ ಕಿತ್ತಿದ್ದು."

ಪಕ್ಕದ ಹಾಸಿಗೆಯ ಬಳಿ ನಿಂತಿದ್ದ ನರ್ಸ್ ತಿರುಗಿ ನೋಡಿದರು. ಬಂದು ಮೂಸಿ ನೋಡಿದರು. "ಏನಮ್ಮಾ ಇದು?"

"ಕಮರಾಕ್ಷಿ ಜ್ಯೂಸು. ನಿಂಗೂ ಬೇಕೇನವ್ವ?"

ನರ್ಸ್ ಫ್ಲಾಸ್ಕ್ ಹಿಡಿದುಕೊಂಡೇ ಹೊರಗೆ ಹೋದರು. ಡಾಕ್ಟರ್ ಬಂದರು. ಅವರ ಧ್ವನಿ ಏರಲಿಲ್ಲ, ಅದರಿಂದಲೇ ನನಗೆ ಹೆಚ್ಚು ಭಯವಾಯಿತು. ಈ ಹಣ್ಣಿನಲ್ಲಿ ಆಕ್ಸಲೇಟ್ ಎಂಬ ಅಂಶ ಬಹಳ, ಪಾಲಕ್‌ನಲ್ಲೂ ಇದೆ. ಕಿಡ್ನಿ ಚೆನ್ನಾಗಿರುವವರು ಯಾವಾಗಲೋ ಒಂದು ಹಣ್ಣು ತಿಂದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಖಾಲಿ ಹೊಟ್ಟೆಗೆ ದಿನವೂ ಜಗ್‌ಗಟ್ಟಲೆ ರಸ ಹೋದರೆ ಅದು ಹರಳಾಗಿ ಕಿಡ್ನಿಯೊಳಗೆ ಕೂರುತ್ತದೆ ಎಂದರು. ಆಮೇಲೆ ಮಾಡಿದ ಬಯಾಪ್ಸಿಯಲ್ಲೂ ಆ ಹರಳುಗಳೇ ಕಂಡವು.

"ವಾಪಸ್ ಬರ್ತವಾ ಕಿಡ್ನಿ?" ಎಂದು ಕೇಳಿದೆ.

"ಬರಬಹುದು. ಕಾಯೋಣ."

ಕಾಯುವುದೆಂದರೆ ಮೂತ್ರಕ್ಕೆ ಕಾಯುವುದು. ಗೆರೆ ಹಾಕಿದ ಪ್ಲಾಸ್ಟಿಕ್ ಡಬ್ಬ ಹಿಡಿದು, ತಳ ಮುಚ್ಚಿತೇ ಎಂದು ಬೆಳಕಿಗೆ ಎತ್ತಿ ನೋಡುವುದು. ಈ ನಡುವೆ ನೋಡಲು ಬಂದವರೆಲ್ಲ ಎಳನೀರು ತಂದರು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯಕ್ಕೆ ಅಪಾಯ, ಕೊಡಬಾರದು ಎಂದು ಡಾಕ್ಟರ್ ಹೇಳಿದ್ದನ್ನು ನಾನು ಬಾಗಿಲಲ್ಲೇ ನಿಂತು ಒಬ್ಬೊಬ್ಬರಿಗೂ ಹೇಳಿದೆ. "ಎಳನೀರಿಂದ ಯಾರಿಗಾದ್ರೂ ಏನಾದ್ರೂ ಆಗೈತಾ ಮಾರಾಯ್ತಿ?" ಎಂದು ಒಬ್ಬೊಬ್ಬರೂ ಕೇಳಿದರು. ಕಾಯಿಲೆಗಿಂತ ಈ ಪ್ರಶ್ನೆಯೇ ನನ್ನನ್ನು ಹೆಚ್ಚು ದಣಿಸಿತು.

ಒಂದು ಬೆಳಿಗ್ಗೆ ಡಬ್ಬ ಅರ್ಧ ತುಂಬಿತು. ಅದನ್ನು ಹಿಡಿದುಕೊಂಡೇ ಅತ್ತುಬಿಟ್ಟೆ.

ಮನೆಗೆ ಬಂದೆವು. ಡಯಾಲಿಸಿಸ್ ನಿಂತಿದೆ, ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಇನ್ನೂ ಪೂರ್ತಿ ಇಳಿದಿಲ್ಲ. ಇವರು ಕುತ್ತಿಗೆಗೆ ಟವೆಲ್ ಸುತ್ತಿಕೊಂಡೇ ಓಡಾಡತೊಡಗಿದರು. ಚಳಿಗಲ್ಲ, ನಳಿಗೆಯ ಗುರುತು ಕಾಣಬಾರದೆಂದು. ಕೇಳಿದವರಿಗೆ "ಗ್ಯಾಸ್ಟ್ರಿಕ್" ಎಂದರು. ಗ್ರೂಪಿನಲ್ಲಿ ಆ ಜಗ್ಗಿನ ಫೋಟೋ ಹಾಗೇ ಇತ್ತು. ತೆಗೆಯಿರಿ, ನಿಜ ಬರೆಯಿರಿ ಎಂದು ದಿನವೂ ಹೇಳಿದೆ. "ನಗ್ತಾರೆ ಕಣೆ" ಎನ್ನುತ್ತಿದ್ದರು. ನಗಲಿ ಎಂದರೆ ಮುಖ ತಿರುಗಿಸುತ್ತಿದ್ದರು.

ಕಳೆದ ವಾರ ಕೆ. ಹೊಸಕೋಟೆಯ ಮಂಜಣ್ಣ ಜೀಪಿನಲ್ಲಿ ಬಂದರು. ಇವರ ಹಳೆಯ ಸ್ನೇಹಿತರು, ಅದೇ ಗ್ರೂಪಿನವರು.

"ಏನ್ ಚಂದ್ರಣ್ಣ, ಹುಡುಗ ಆಗ್ಬುಟ್ಟಿದ್ದೀಯಲ್ಲ ಮಾರಾಯ! ಹೊಟ್ಟೆನೇ ಇಲ್ಲ! ಆ ಜ್ಯೂಸು ಕೆಲಸ ಮಾಡೈತೆ ಬಿಡು." ಹೇಳುತ್ತಲೇ ಮರದ ಕೆಳಗೆ ಹೋಗಿ ಚೀಲಕ್ಕೆ ಹಣ್ಣು ಹಾಕತೊಡಗಿದರು. "ನಾಳೆಯಿಂದ ನಾನೂ ನಮ್ಮನೆಯವ್ಳೂ ಶುರು. ಒಂದು ಜಗ್ಗಿಗೆ ಎಷ್ಟು ಹಣ್ಣೋ?"

ಇವರ ಮುಖ ನೋಡಿದೆ.

ಇವರು ನಿಧಾನವಾಗಿ ಟವೆಲ್ ಬಿಚ್ಚಿದರು.

"ಇಲ್ಲಿ ನೋಡು ಮಂಜ. ಇಲ್ಲಿಂದ ರಕ್ತ ತೆಗ್ದು, ತೊಳ್ದು, ವಾಪಸ್ ಬಿಡ್ತಿದ್ರು. ಗ್ಯಾಸ್ಟ್ರಿಕ್ ಅಲ್ಲ ಕಣೋ. ಕಿಡ್ನಿ ನಿಂತೋಗಿತ್ತು. ಈ ಹಣ್ಣಿಂದ್ಲೇ."

ಮಂಜಣ್ಣ ನಗಲಿಲ್ಲ. ಚೀಲದಿಂದ ಹಣ್ಣುಗಳನ್ನು ಒಂದೊಂದಾಗಿ ತೆಗೆದು ಕಟ್ಟೆಯ ಮೇಲಿಟ್ಟರು. ಕೊನೆಯದನ್ನು ಕೈಯಲ್ಲೇ ತಿರುಗಿಸುತ್ತಾ ಕೇಳಿದರು:

"ಹಂಗಾದ್ರೆ ಬೂದುಗುಂಬಳದ ರಸ ಆಗ್ಬೋದಾ?"

ನಾನು ಒಳಗೆ ಹೋಗಿ ಒಲೆಯ ಮೇಲೆ ಹಂಚು ಇಟ್ಟು, ಅಕ್ಕಿ ರೊಟ್ಟಿ ತಟ್ಟಿದೆ. ಇಬ್ಬರನ್ನೂ ಒಳಗೆ ಕರೆದು ತಟ್ಟೆ ಇಟ್ಟೆ. ಇವರು ತಿನ್ನುತ್ತಲೇ ಎಡಗೈಯಲ್ಲಿ ಫೋನ್ ತೆಗೆದು, ನಡೆದದ್ದನ್ನೆಲ್ಲ ಗ್ರೂಪಿಗೆ ವಾಯ್ಸ್ ಮೆಸೇಜ್ ಮಾಡಿ ಕಳಿಸತೊಡಗಿದರು. ಟವೆಲ್ ಕಟ್ಟೆಯ ಮೇಲೆ, ಹಣ್ಣುಗಳ ಪಕ್ಕದಲ್ಲೇ ಬಿದ್ದಿತ್ತು. ಯಾರೂ ತರಲು ಹೋಗಲಿಲ್ಲ.