ಒಲೆಗೆ ಹಚ್ಚಿದ ಕೊಂಬಿನ ಬಣ್ಣ

ನಮ್ಮ ಗ್ಯಾಸ್ ಒಲೆಯಲ್ಲಿ ಪಾತ್ರೆ ಕೂರುವ ಕಬ್ಬಿಣದ ರಿಂಗುಗಳು ತುಕ್ಕು ಹಿಡಿದು ಉದುರತೊಡಗಿದ್ದವು. ಹೊಸವು ತರೋಣವೆಂದು ನಾನು ಹೇಳುತ್ತಲೇ ಇದ್ದೆ, ಅತ್ತೆ ಒಪ್ಪಲಿಲ್ಲ. "ಕಬ್ಬಣ ಗಟ್ಟಿ ಐತಿ, ಮ್ಯಾಲಿಂದಷ್ಟ ಹೋಗೇತಿ. ಬಣ್ಣ ಹಚ್ಚಿದ್ರ ಇನ್ನೂ ಹತ್ತು ವರ್ಷ ಬಾಳತಾವ," ಎಂದರು. ಒಲೆಯ ವಿಷಯದಲ್ಲಿ ಅವರ ಮಾತೇ ಕೊನೆ. ಮುನವಳ್ಳಿಯ ಈ ಮನೆಗೆ ನಾನು ಸೊಸೆಯಾಗಿ ಬಂದು ಹನ್ನೊಂದು ವರ್ಷವಾದರೂ ಅಡುಗೆ ಅವರದೇ. ನಾನು ಸಿರಸಂಗಿಯ ಶಾಲೆಗೆ ಪಾಠ ಮಾಡಲು ಹೋಗುತ್ತೇನೆ, ಗಂಡ ಹೊಲಕ್ಕೆ. ಹಗಲೆಲ್ಲ ಮನೆಯಲ್ಲಿ ಅತ್ತೆ ಒಬ್ಬರೇ. ಒಲೆ ಅವರ ಕೈ ತಪ್ಪಿದರೆ ಸ್ವಂತ ಮನೆಯಲ್ಲೇ ಅವರು ಬೀಗರ ಹಾಗೆ ಕೂರಬೇಕಾಗುತ್ತದೆ. ಅಷ್ಟು ನನಗೂ ತಿಳಿದಿತ್ತು.

ಬಣ್ಣ ಹಚ್ಚಿದ್ದು ನನ್ನ ಗಂಡ. ಕಾರಹುಣ್ಣಿಮೆಗೆ ಎತ್ತುಗಳ ಕೊಂಬಿಗೆ ಬಳಿದು ಉಳಿದ ಕೆಂಪು ಆಯಿಲ್ ಪೇಂಟಿನ ಡಬ್ಬಿ ಅಟ್ಟದ ಮೇಲಿತ್ತು. ಅದನ್ನೇ ಇಳಿಸಿ ಬಳಿದು, ಒಂದು ಹಗಲು ಬಿಸಿಲಿಗಿಟ್ಟರು. ಬೆಂಕಿಯ ಮೇಲಿಡುವ ಸಾಮಾನಿಗೆ ಕೊಂಬಿನ ಬಣ್ಣವೇ ಎಂದು ಕೇಳುವ ಬುದ್ಧಿ, ಮಕ್ಕಳಿಗೆ ವಿಜ್ಞಾನ ಕಲಿಸುವ ನನಗಾದರೂ ಬೇಡವೇ? ನಾನೂ ನೋಡಿ ಚೆಂದ ಕಾಣುತ್ತದೆ ಎಂದೆ.

ಭಾನುವಾರ ಬೆಳಿಗ್ಗೆ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ಗಂಟಲು ಹಿಡಿಯುವಂಥ ವಾಸನೆ ಬಂತು. ಪಕ್ಕದ ಮನೆಯಾಕೆ ತಮ್ಮ ಅಂಗಳದಿಂದಲೇ, "ಟೈರ್ ಸುಡಾಕ ಹತ್ತೀರೇನ್ರಿ?" ಎಂದು ಕೇಳಿದರು. ನಾನು ಮೆಟ್ಟಿಲು ಇಳಿದು ಓಡಿದೆ. ಅಡುಗೆಮನೆಯಲ್ಲಿ ಹಂಚಿನ ಕೆಳಗೆ ಬಣ್ಣ ಗುಳ್ಳೆಯೆದ್ದು, ಹಳದಿ ಜ್ವಾಲೆಯಾಗಿ ಉರಿಯುತ್ತಿತ್ತು. ಅತ್ತೆ ಪಕ್ಕದಲ್ಲೇ ತಲೆ ಬಗ್ಗಿಸಿ ಕುಳಿತು ನಿರಾಳವಾಗಿ ರೊಟ್ಟಿ ಬಡಿಯುತ್ತಿದ್ದರು.

"ಯಾಕ ಓಡಿ ಬಂದಿ? ರೊಟ್ಟಿ ಆಗಲಿ, ಉಣ್ಣಾಕ ಕರೀತೇನಿ," ಎಂದರು.

ಒಲೆ ಆರಿಸಿ, ಸಿಲಿಂಡರ್ ಬಂದ್ ಮಾಡಿ, ಕಿಟಕಿ ತೆಗೆದೆ. ಆಮೇಲೆ ಸಿಟ್ಟು ನೆತ್ತಿಗೇರಿತು. "ಓಣಿಗೆಲ್ಲಾ ವಾಸನಿ ಬಡದೈತಿ, ನಿಮಗ ಗೊತ್ತಾಗಲಿಲ್ಲೇನ್ರಿ?" ಎಂದು ಜೋರು ಮಾಡಿದೆ. ಅವರು ಹಂಚಿನ ಮೇಲಿನ ರೊಟ್ಟಿ ಮಗುಚಿ ನೋಡಿದರು. "ಹೊತ್ತಿಲ್ಲಲ್ಲ," ಎಂದರು.

ಆಗ ನನಗೆ ಸಂಶಯ ಬಂತು. ಕಣ್ಣು ಮುಚ್ಚಲು ಹೇಳಿ, ಇಂಗಿನ ಡಬ್ಬಿ ತೆಗೆದು ಅವರ ಮೂಗಿಗೆ ಹಿಡಿದೆ. ಅವರು ಬಹಳ ಹೊತ್ತು ಉಸಿರೆಳೆದರು.

"ಜೀರಗಿ," ಎಂದರು.

ಅವರು ಕಣ್ಣು ಬಿಟ್ಟು ಡಬ್ಬಿ ನೋಡಿದರು. "ಮೂರ ವರ್ಷದ ಹಿಂದ ನನಗ ದೊಡ್ಡ ಜ್ವರ ಬಂತಲ್ಲ, ಅವಾಗಿಂದ ಒಂದೂ ತಿಳಿಯೂದಿಲ್ಲವಾ. ಮಲ್ಲಿಗಿನೂ ಇಲ್ಲ, ಸಗಣಿನೂ ಇಲ್ಲ."

ನಮ್ಮಲ್ಲಿ ದೇವರಿಗೆ ಎಡೆ ಹಿಡಿಯುವ ಮೊದಲು ಅಡುಗೆಯನ್ನು ಬಾಯಿಗೆ ಹಾಕುವಂತಿಲ್ಲ. ಸಾರು ಕುದಿಯುವಾಗ ಬರುವ ವಾಸನೆಯಿಂದಲೇ ಉಪ್ಪು ಖಾರ ಹೇಳುತ್ತಿದ್ದವರು ನನ್ನ ಅತ್ತೆ. ಇತ್ತೀಚಿನ ವರ್ಷಗಳಲ್ಲಿ ನಾನು ಮನೆಯಲ್ಲಿದ್ದಾಗಲೆಲ್ಲ, "ಬಾ ಇಲ್ಲೆ, ವಾಸನಿ ನೋಡಿ ಹೇಳು, ಉಪ್ಪ ಸಾಕೇನ?" ಎಂದು ಕರೆಯುತ್ತಿದ್ದರು. ನನ್ನನ್ನು ಪರೀಕ್ಷೆ ಮಾಡುತ್ತಾರೆಂದು ತಿಳಿದು ನಾನು ಮುಖ ಗಂಟು ಹಾಕಿಕೊಂಡು, "ನಿಮಗ ಗೊತ್ತಿಲ್ಲೇನ್ರಿ?" ಎಂದು ಹೊರಟುಬಿಡುತ್ತಿದ್ದೆ. ಥೂ, ನನ್ನ ಬಾಯಿಗಿಷ್ಟು!

"ಗ್ಯಾಸ್ ಸೋರಿದ್ರ ಹೆಂಗ್ರಿ?" ಎಂದೆ.

"ಅದಕ್ಕ ಹೊಳ್ಳಿ ಹೊಳ್ಳಿ ಬಂದ್ ಮಾಡಿ ನೋಡತೇನಿ," ಎಂದರು. ಆಮೇಲೆ ನನ್ನ ಕೈ ಹಿಡಿದುಕೊಂಡರು. "ಅವಗ ಹೇಳಬ್ಯಾಡ. ಗೊತ್ತಾದ್ರ ಒಲಿ ಬಿಡಸತಾನ." ಯಾರ ಮುಂದೆಯೂ ಅಂಗಲಾಚದ ಹೆಂಗಸು ಅವರು.

ಗಂಡ ಹೊಲದಿಂದ ಬಂದು ಸುಟ್ಟ ರಿಂಗು ನೋಡಿ ತಲೆ ಕೆರೆದುಕೊಂಡರು. "ಅವ್ವಾ, ವಾಸನಿ ಬರಲಿಲ್ಲೇನ ನಿನಗ?" ಎಂದು ಕೇಳಿದರು. ಅತ್ತೆ ನನ್ನ ಮುಖ ನೋಡಿದರು.

"ಬಂತಲ್ಲ. ಅತ್ತಿಯವರೇ ನನ್ನ ಕೂಗಿ ಕರದ್ರು," ಎಂದೆ. ಅಷ್ಟು ಸಲೀಸಾಗಿ ಸುಳ್ಳು ಹೊರಬಿದ್ದದ್ದಕ್ಕೆ ನಾನೇ ಬೆಚ್ಚಿದೆ. ಗಂಡ ನಂಬಿ, ಸವದತ್ತಿಗೆ ಹೋಗಿ ಹೊಸ ರಿಂಗು ತಂದು ಕೂರಿಸಿದರು.

ಸೋಮವಾರ ಗಂಡ ನಸುಕಿನಲ್ಲೇ ಬೈಲಹೊಂಗಲದ ಪೇಟೆಗೆ ಹೋದರು. ನಾನು ಉಳಿದಿದ್ದ ಒಂದು ರೊಟ್ಟಿ ತಿಂದು ಬಸ್ ಹಿಡಿದೆ. ಪಾಠದಲ್ಲಿ ಮನಸ್ಸಿರಲಿಲ್ಲ. ಹನ್ನೊಂದಕ್ಕೆ ಫೋನ್ ಮಾಡಿದೆ, ಒಂದಕ್ಕೆ ಮತ್ತೆ ಮಾಡಿದೆ. "ಊಟ ಆತವಾ, ನೀ ಸಾಲಿ ನೋಡ್ಕೊ," ಎಂದು ಅತ್ತೆ ಇಟ್ಟುಬಿಟ್ಟರು.

ಸಂಜೆ ಮನೆಗೆ ಬಂದಾಗ ಒಲೆ ತಣ್ಣಗಿತ್ತು. ಹೆಚ್ಚಿದ ಬದನೆಕಾಯಿ ನೀರಿನಲ್ಲಿ ಹಾಗೇ ಇತ್ತು. ಅತ್ತೆ ಗೋಡೆಗೆ ಒರಗಿ ಕುಳಿತಿದ್ದರು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

"ಯಾಕ್ರಿ ಹಿಂಗ?" ಎಂದೆ.

"ನೀ ಸುಳ್ಳ ಹೇಳಿದ ಮ್ಯಾಲ ಒಲಿ ಹಚ್ಚಾಕ ಅಂಜಿಕಿ ಬಂತವಾ," ಎಂದರು. "ಏನರ ಆದ್ರ ಈಗ ನಿನ್ನ ಮ್ಯಾಲ ಬರತೈತಿ."